ಬಿಡಿಎಸ್ ಆದ ಮೇಲೆ: ಮೈಸೂರಲ್ಲಿ ಕೆಲಸವಾ, ಎಂಡಿಎಸ್ಸಾ, ಊರಲ್ಲಿ ಸ್ವಂತ ಕ್ಲಿನಿಕ್ಕಾ?

ಕಳೆದ ವಾರ ರಾತ್ರಿ ನನ್ನ ಹಲ್ಲಿನ ಕ್ಲಿನಿಕ್ ಬಾಗಿಲು ಎಳೆಯುವ ಹೊತ್ತಿಗೆ ಫೋನು ಬಂತು. ಹಲ್ಲಿನ ಡಾಕ್ಟರ ಪದವಿ ಬಿಡಿಎಸ್ ಓದಿ ಮೈಸೂರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರುವ ಹುಡುಗಿ, ಕೆ.ಆರ್. ಪೇಟೆ ಕಡೆಯವಳು. "ಅಕ್ಕ, ನಮ್ಮಪ್ಪ ಬಸ್‌ಸ್ಟ್ಯಾಂಡ್ ಹತ್ರ ಮಳಿಗೆ ನೋಡವ್ರೆ. ಯುಗಾದಿಗೆ ಬೋರ್ಡ್ ಹಾಕ್ಸಿಬುಡಾಣ ಅಂತವ್ರೆ. ನಂಗೆ ಎಂಡಿಎಸ್ ಆಸೆ. ಫ್ರೆಂಡ್ಸೆಲ್ಲ ಕುವೆಂಪುನಗರದಲ್ಲೇ ಯಾವ್ದಾದ್ರೂ ಕ್ಲಿನಿಕ್‌ಗೆ ಸೇರ್ಕೊ ಅಂತಾರೆ. ಏನ್ ಮಾಡ್ಲಿ?"

ಎಂಡಿಎಸ್ ಅಂದರೆ ಬಿಡಿಎಸ್ ಮೇಲಿನ ಸ್ನಾತಕೋತ್ತರ ಓದು. ನಾನು ಒಂದೇ ಪ್ರಶ್ನೆ ಕೇಳಿದೆ: "ಕೆಳದವಡೆಯ ದವಡೆಹಲ್ಲಿಗೆ ಇಲ್ಲಿವರೆಗೆ ಎಷ್ಟು ರೂಟ್ ಕೆನಾಲ್ ಮಾಡಿದ್ದೀಯ? ಓಪನಿಂಗ್‌ನಿಂದ ಫಿಲ್ಲಿಂಗ್‌ವರೆಗೆ, ಪೂರ್ತಿ ನಿನ್ನ ಕೈಯಲ್ಲೇ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮೂರು ಅಕ್ಕ. ಅದ್ರಲ್ಲಿ ಒಂದನ್ನ ಪಿಜಿ ಸರ್ ಮುಗಿಸ್ಕೊಟ್ರು."

ಪಾಪ, ಅವಳ ತಪ್ಪಲ್ಲ. ನಾನು ಹೊರಗೆ ಬಿದ್ದಾಗ ನನ್ನ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಬಿಡಿಎಸ್ ಅಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುತ್ತೇವೆ, ಎರಡನೇ ವರ್ಷ ಫ್ಯಾಂಟಮ್ ಹೆಡ್ ಎಂಬ ಬೊಂಬೆಯ ಬಾಯಲ್ಲಿ ಕೊರೆಯುತ್ತೇವೆ, ಮೂರನೇ ವರ್ಷಕ್ಕೆ ನಿಜವಾದ ಬಾಯಿ ಸಿಗುತ್ತದೆ. ಅಲ್ಲಿಂದ ಮುಂದೆ ಕೋಟಾ ಓಟ: ಇಷ್ಟು ಸ್ಕೇಲಿಂಗ್ (ಹಲ್ಲು ಕ್ಲೀನ್ ಮಾಡುವುದು), ಇಷ್ಟು ಎಕ್ಸ್‌ಟ್ರಾಕ್ಷನ್ (ಹಲ್ಲು ಕೀಳುವುದು), ಇಷ್ಟು ಕಂಪ್ಲೀಟ್ ಡೆಂಚರ್ (ಪೂರ್ತಿ ಕಟ್ಟು ಹಲ್ಲು). ಕೋಟಾ ತುಂಬಿಸುವ ಭರದಲ್ಲಿ ಅಕ್ಕಪಕ್ಕದ ಬೀದಿಯ ಅಜ್ಜ ಅಜ್ಜಿಯರನ್ನೆಲ್ಲ ಆಟೋದಲ್ಲಿ ಕೂರಿಸಿಕೊಂಡು ಕಾಲೇಜಿಗೆ ಕರೆದೊಯ್ದ ದಿನಗಳು ನೆನಪಿವೆ. ಕೈಗೆ ಕೆಲಸದ ಪರಿಚಯ ಅಲ್ಲೇ ಆಗುತ್ತದೆ. ಆದರೆ ಕೈ ಪಳಗುವುದು ಅಲ್ಲಲ್ಲ, ಅದರ ಮುಂದಿನ ಎರಡು ವರ್ಷದಲ್ಲಿ.

ಅದಕ್ಕೇ ಈ ಮೂರು ದಾರಿಗಳನ್ನು ತೂಗುವಾಗ ಸಂಬಳ, ಮರ್ಯಾದೆ, ಬೋರ್ಡಿನ ಮೇಲೆ ಎಷ್ಟು ಅಕ್ಷರ ಎಂಬುದನ್ನೆಲ್ಲ ಆಮೇಲೆ ನೋಡಿ. ಮೊದಲು ನೋಡಬೇಕಾದ್ದು, ಮುಂದಿನ ಎರಡು ವರ್ಷ ನಿಮ್ಮ ಕುರ್ಚಿಯ ಹಿಂದೆ ಯಾರು ನಿಂತಿರುತ್ತಾರೆ ಎಂಬುದನ್ನು.

ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಮೈಸೂರಲ್ಲಿ 1986ರಲ್ಲಿ ಶುರುವಾದ ಜೆಎಸ್‌ಎಸ್ ಡೆಂಟಲ್ ಕಾಲೇಜಿದೆ, ಅದು ಈಗ ಡೀಮ್ಡ್ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಫಾರೂಕಿಯಾ ಡೆಂಟಲ್ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎರಡಕ್ಕೂ ನೀಟ್ ಬೇಕು, ಆದರೆ ಡೀಮ್ಡ್ ಸೀಟಿನ ಕೌನ್ಸೆಲಿಂಗ್ ಕೇಂದ್ರದ ಎಂಸಿಸಿಯಲ್ಲಿ, ಉಳಿದದ್ದು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎಯಲ್ಲಿ. ಒಂದಕ್ಕೆ ಅರ್ಜಿ ಹಾಕಿ ಇನ್ನೊಂದಕ್ಕೆ ಕಾದು ಕೂತವರನ್ನು ನೋಡಿದ್ದೇನೆ. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಬೆಳಿಗ್ಗೆ ಹತ್ತು ಗಂಟೆಗೆ ಓಪಿಡಿ ಮುಂದೆ ಹೋಗಿ ನಿಂತು ಬೆಂಚಿನ ಮೇಲೆ ಎಷ್ಟು ಜನ ರೋಗಿಗಳು ಕೂತಿದ್ದಾರೆ ಎಣಿಸಿ. ರೋಗಿಗಳಿಲ್ಲದ ಕಾಲೇಜಿನಲ್ಲಿ ಗೋಲ್ಡ್ ಮೆಡಲ್ ತಗೊಂಡರೂ ಹಲ್ಲು ಕೀಳಲು ಬರುವುದಿಲ್ಲ.

ಇನ್ನು ಮೈಸೂರಿನ ಕ್ಲಿನಿಕ್‌ಗಳ ವಿಚಾರ.

ಸರಸ್ವತಿಪುರಂ, ಕುವೆಂಪುನಗರ, ಗೋಕುಲಂ, ವಿಜಯನಗರ, ಯಾವ ಮುಖ್ಯರಸ್ತೆಗೆ ಹೋದರೂ ಹಲ್ಲಿನ ಬೋರ್ಡು ಕಾಣುತ್ತದೆ. ಸಂಜೆ ಐದರಿಂದ ಒಂಬತ್ತರವರೆಗೆ ಅಸಿಸ್ಟೆಂಟ್ ಡಾಕ್ಟರ್ ಬೇಕು ಅನ್ನುವವರೂ ಬೇಕಾದಷ್ಟಿದ್ದಾರೆ. ಇಲ್ಲಿ ಕಲಿಯುವುದಕ್ಕೆ ಸಿಗುವ ಮುಖ್ಯ ವಿದ್ಯೆ ಕಾಲೇಜಿನ ಸಿಲಬಸ್‌ನಲ್ಲೇ ಇಲ್ಲ: ದುಡ್ಡಿನ ಮಾತಾಡುವುದು. ಕಾಲೇಜಿನಲ್ಲಿ ರೋಗಿಗೆ "ಕೌಂಟರ್‌ನಲ್ಲಿ ಕಟ್ಟಿ ಬನ್ನಿ" ಅನ್ನುತ್ತೇವೆ. ಹೊರಗೆ ಬಂದ ಮೇಲೆ ಕ್ಯಾಪ್‌ಗೆ ಇಷ್ಟಾಗುತ್ತದೆ ಎಂದು ರೋಗಿಯ ಮುಖ ನೋಡಿ ಹೇಳಬೇಕು. ಹೇಳಿದ ಮೇಲೆ ಸುಮ್ಮನಿರಬೇಕು. ನನಗೆ ಆ ಸುಮ್ಮನಿರುವುದು ಕಲಿಯಲು ಒಂದು ವರ್ಷ ಹಿಡಿಯಿತು. ರೇಟು ಹೇಳಿದ ತಕ್ಷಣ ನಾನೇ ಗಾಬರಿಯಾಗಿ "ಸ್ವಲ್ಪ ಕಮ್ಮಿ ಮಾಡ್ಕೊಡ್ತೀವಿ" ಅಂದುಬಿಡುತ್ತಿದ್ದೆ. ಸೀನಿಯರ್ ಡಾಕ್ಟರು ಗಾಜಿನ ಆಚೆಯಿಂದ ಕೈಮುಗಿಯುತ್ತಿದ್ದರು.

ಇದರ ಕಹಿಯನ್ನೂ ಹೇಳಬೇಕು. ನಾನು ಮೊದಲು ಸೇರಿದ ಕಡೆ ಶೇಕಡಾ 30 ಅಂತ ಬಾಯಿಮಾತಲ್ಲಿ ಹೇಳಿದ್ದರು. ತಿಂಗಳ ಕೊನೆಗೆ ನೋಡಿದರೆ ಲ್ಯಾಬ್ ಖರ್ಚು, ಮೆಟೀರಿಯಲ್ ಖರ್ಚು, ಕೊನೆಗೆ ಕಾರ್ಡ್ ಉಜ್ಜಿದ ಕಮಿಷನ್ನನ್ನೂ ಕಳೆದು, ಉಳಿದದ್ದರಲ್ಲಿ 30. ಕೇಳಿದರೆ "ಎಲ್ಲ ಕಡೆ ಹಿಂಗೇನಮ್ಮ" ಎಂಬ ಉತ್ತರ. ಎಲ್ಲ ಕಡೆ ಹಾಗೇನೂ ಇಲ್ಲ. ಶೇಕಡಾವಾರು ಯಾವ ಮೊತ್ತದ ಮೇಲೆ, ಎಷ್ಟನೇ ತಾರೀಖಿಗೆ, ರೋಗಿ ಬಾಕಿ ಉಳಿಸಿದರೆ ಯಾರ ಲೆಕ್ಕಕ್ಕೆ, ಈ ಮೂರನ್ನು ಬಿಳಿ ಹಾಳೆಯಲ್ಲಿ ಬರೆಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬರೆದುಕೊಟ್ಟರೂ ಆದೀತು.

ಸೇರುವ ಮೊದಲು ಅರ್ಧ ದಿನ ಅಲ್ಲಿ ಸುಮ್ಮನೆ ಕೂತು ನೋಡುತ್ತೇನೆ ಎಂದು ಕೇಳಿ. ಬೇಡ ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಒಪ್ಪಿದರೆ ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸ್ ಎಷ್ಟಿವೆ ಎಣಿಸಿ. ಹಬೆಯಲ್ಲಿ ರೋಗಾಣು ಕೊಲ್ಲುವ 121 ಡಿಗ್ರಿಯ ಆಟೋಕ್ಲೇವ್‌ನಲ್ಲಿ ಆ ಬಿಸಿಯಲ್ಲೇ ಅವು ಕನಿಷ್ಠ 15 ನಿಮಿಷ ಇರಬೇಕು. ಬಿಸಿಯಾಗುವುದು, ಹಬೆ ಇಳಿಯುವುದು, ಪೌಚ್ ಒಣಗುವುದು ಸೇರಿದರೆ ಮುಕ್ಕಾಲು ಗಂಟೆ ಎಲ್ಲೂ ಹೋಗುವುದಿಲ್ಲ. ಎರಡು ಕುರ್ಚಿ, ಎರಡೇ ಹ್ಯಾಂಡ್‌ಪೀಸು, ಸಂಜೆಗೆ ಹನ್ನೆರಡು ರೋಗಿ. ಅವು ಆಟೋಕ್ಲೇವ್‌ಗೆ ಹೋಗುವುದು ಯಾವಾಗ? ಈ ಲೆಕ್ಕ ಕೂಡದಿದ್ದರೆ ಬೇರೆ ಯಾವ ಲೆಕ್ಕವೂ ಅಲ್ಲಿ ಕೂಡುವುದಿಲ್ಲ.

ಇನ್ನೊಂದು ಅಪಾಯ, ಆರು ತಿಂಗಳಾದರೂ ಸ್ಕೇಲಿಂಗ್ ಮತ್ತು ಹಾಲುಹಲ್ಲು ಕೀಳುವುದನ್ನು ಬಿಟ್ಟು ಬೇರೇನೂ ಕೊಡದ ಕ್ಲಿನಿಕ್ಕು. ರೂಟ್ ಕೆನಾಲ್‌ಗೆಲ್ಲ ಕನ್ಸಲ್ಟೆಂಟ್ ಬರುತ್ತಾರೆ, ನೀವು ಸಕ್ಷನ್ ಹಿಡಿಯುತ್ತೀರಿ. ಮೂರು ತಿಂಗಳು ಹಿಡಿಯಿರಿ, ನೋಡಿ ಕಲಿಯುವುದು ಬೇಕಾದಷ್ಟಿದೆ. ನಾಲ್ಕನೇ ತಿಂಗಳು ಕೇಳಿ. ಕೊಡದಿದ್ದರೆ ಬಿಡಿ.

ಎಂಡಿಎಸ್ ಮೂರು ವರ್ಷ, ಒಂಬತ್ತು ವಿಭಾಗ. ನೀಟ್ ಎಂಡಿಎಸ್‌ನಲ್ಲಿ 240 ಪ್ರಶ್ನೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಇಂಟರ್ನ್‌ಶಿಪ್ ಯಾವ ತಾರೀಖಿನೊಳಗೆ ಮುಗಿಯಬೇಕು ಎಂಬುದನ್ನು ಪ್ರತಿ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ನೆಕ್ಸ್ಟ್ ಎಂಬ ನಿರ್ಗಮನ ಪರೀಕ್ಷೆಯ ಪ್ರಸ್ತಾಪವಿದೆ. ಈಗ ಎರಡನೇ ಮೂರನೇ ವರ್ಷದಲ್ಲಿರುವವರು ಅದರ ಸುದ್ದಿಯ ಮೇಲೂ ಒಂದು ಕಣ್ಣಿಟ್ಟಿರಿ.

"ಎಂಡಿಎಸ್ ಮಾಡಲಾ?" ಎಂಬ ಪ್ರಶ್ನೆಯೇ ಸ್ವಲ್ಪ ಸೊಟ್ಟ. "ಯಾವುದರಲ್ಲಿ?" ಎಂದು ಕೇಳಿಕೊಳ್ಳಿ. ಎಂಡೋ (ರೂಟ್ ಕೆನಾಲ್), ಆರ್ಥೋ (ಹಲ್ಲಿಗೆ ಕ್ಲಿಪ್), ಓರಲ್ ಸರ್ಜರಿ, ಪೀಡೋ (ಮಕ್ಕಳ ಹಲ್ಲು), ಪ್ರಾಸ್ಥೋ (ಕಟ್ಟು ಹಲ್ಲು) ಮಾಡಿದವರಿಗೆ ಮಂಡ್ಯದಂಥ ಜಿಲ್ಲೆಯಲ್ಲೂ ಕೆಲಸವಿದೆ, ಅದೂ ಸ್ವಂತ ಬೋರ್ಡಿಲ್ಲದೆ. ನನ್ನ ಕ್ಲಿನಿಕ್‌ಗೆ ಬುಧವಾರ ಎಂಡೋ ಡಾಕ್ಟರು ಬರುತ್ತಾರೆ. ಮೈಸೂರಿನಿಂದ ಬೆಳಗಿನ ಟ್ರೈನು, ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ರೂಟ್ ಕೆನಾಲ್ ಸಾಮಾನಿನ ಪೆಟ್ಟಿಗೆ: ಎಂಡೋಮೋಟರ್, ಅಪೆಕ್ಸ್ ಲೊಕೇಟರ್, ರಬ್ಬರ್ ಡ್ಯಾಮ್, ಲೂಪ್ಸ್. ಮಂಡ್ಯದಲ್ಲಿ ಎರಡು ಕ್ಲಿನಿಕ್ ಮುಗಿಸಿ ಮಧ್ಯಾಹ್ನ ನಮ್ಮ ಕಡೆ, ಸಂಜೆಯ ಟ್ರೈನಿಗೆ ವಾಪಸ್. ಮಳಿಗೆ ಬಾಡಿಗೆಯಿಲ್ಲ, ಇಎಂಐ ಇಲ್ಲ, ಕ್ಲಿನಿಕ್ ನೋಂದಣಿಯ (ಕೆಪಿಎಂಇ) ತಲೆನೋವಿಲ್ಲ. ಒಮ್ಮೊಮ್ಮೆ ಅವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ. ಓರಲ್ ಪೆಥಾಲಜಿ, ಪಬ್ಲಿಕ್ ಹೆಲ್ತ್‌ನವರ ದಾರಿ ಬಹುಮಟ್ಟಿಗೆ ಪಾಠ ಹೇಳುವ ಕೆಲಸದ ಕಡೆಗೇ ಹೋಗುತ್ತದೆ. ಪಾಠ ಹೇಳುವುದು ಇಷ್ಟವಿದ್ದರೆ ಅದೂ ಸೈ. "ಸಿಕ್ಕಿದ್ದು ತಗೊಂಡೆ" ಎಂದು ಸೇರಿದವರ ಮುಖ ಎರಡನೇ ವರ್ಷಕ್ಕೇ ಬಾಡಿರುತ್ತದೆ.

ಎಂಡಿಎಸ್‌ನ ದೊಡ್ಡ ಲಾಭ ಆ ಮೂರು ವರ್ಷ ನಿಮ್ಮ ಕುರ್ಚಿಯ ಹಿಂದೆ ಗೈಡ್ ನಿಂತಿರುವುದು. ನಷ್ಟ ಏನೆಂದರೆ ಆ ವಿಭಾಗ ಬಿಟ್ಟು ಉಳಿದ ಕೆಲಸಕ್ಕೆ ಕೈ ಜಡ್ಡುಗಟ್ಟುವುದು. ಜೊತೆಗೆ ಖಾಸಗಿ ಸೀಟಿನ ಫೀಸು. ಆರ್ಥೋ, ಎಂಡೋಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೇಳುವ ದುಡ್ಡಿಗೆ ಊರಲ್ಲಿ ಕ್ಲಿನಿಕ್ ಹಾಕಿ ಮೇಲೊಂದು ಸೈಟೂ ಕೊಳ್ಳಬಹುದು ಎಂದು ಲೆಕ್ಕ ಹಾಕುವ ಅಪ್ಪಂದಿರಿದ್ದಾರೆ. ಅವರ ಲೆಕ್ಕ ತಪ್ಪಲ್ಲ. ಮೆರಿಟ್ ಸೀಟು ಸಿಕ್ಕರೆ ಕಣ್ಣುಮುಚ್ಚಿ ಹೋಗಿ. ಜಮೀನು ಮಾರಿಸಿ ಹೋಗುವುದಾದರೆ ಎರಡು ವರ್ಷ ಕೆಲಸ ಮಾಡಿ, ಯಾವ ಕೆಲಸ ಮಾಡುವಾಗ ಗಡಿಯಾರ ನೋಡುವುದನ್ನು ಮರೆಯುತ್ತೀರಿ ಎಂದು ತಿಳಿದುಕೊಂಡು ಆಮೇಲೆ ಹೋಗಿ. ಒಂದು ಕಾರಣಕ್ಕೆ ಮಾತ್ರ ಹೋಗಲೇಬೇಡಿ: "ಬಿಡಿಎಸ್‌ನಲ್ಲಿ ಏನೂ ಬರ್ಲಿಲ್ಲ, ಎಂಡಿಎಸ್‌ನಲ್ಲಿ ಬರತ್ತೆ" ಎಂಬುದು. ಬಾರದ ಎಕ್ಸ್‌ಟ್ರಾಕ್ಷನ್ ಅನ್ನು ಆರ್ಥೋ ವಿಭಾಗದವರು ಕಲಿಸುವುದಿಲ್ಲ.

ಒಂದು ವರ್ಷ ಮನೆಯಲ್ಲಿ ಕೂತು ಬರೀ ಓದುತ್ತೇನೆ ಅನ್ನುವವರಿಗೂ ಒಂದು ಮಾತು. ಬೆಳಿಗ್ಗೆ ಓದಿ, ಸಂಜೆ ನಾಲ್ಕು ತಾಸು ಯಾವುದಾದರೂ ಕ್ಲಿನಿಕ್‌ನಲ್ಲಿ ನಿಲ್ಲಿ. ಇಲ್ಲದಿದ್ದರೆ ಸೀಟೂ ಸಿಗದೆ, ಕೈಯ ಅಭ್ಯಾಸವೂ ತಪ್ಪಿ ಎರಡೂ ಹೋದೀತು.

ಇನ್ನು ಊರಿನ ಮಳಿಗೆ. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ, ಏಕೆಂದರೆ ನಾನು ಮೊದಲು ಎಡವಿದ್ದು ಇಲ್ಲೇ.

ಇಂಟರ್ನ್‌ಶಿಪ್ ಮುಗಿಸಿ ಮೈಸೂರಿನ ಆ ಶೇಕಡಾ 30ರ ಕೆಲಸ ಎಂಟು ತಿಂಗಳು ಮಾಡಿ, ಸಿಟ್ಟಿಗೆದ್ದು ಬಿಟ್ಟು, ಮಂಡ್ಯ ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ಹಾಕಿದೆ. ಎರಡನೇ ತಿಂಗಳು. ಪ್ರೈಮರಿ ಸ್ಕೂಲ್ ಮೇಷ್ಟ್ರೊಬ್ಬರು, ಕೆಳಗಿನ ಎಡ ದವಡೆಹಲ್ಲು. ಎಕ್ಸ್‌ರೇಯಲ್ಲಿ ಬೇರಿನ ತುದಿ ಕೊಂಚ ಬಾಗಿತ್ತು, ನಾನು ನೋಡಿಯೂ ನೋಡದಂತೆ ಮುಂದುವರಿದೆ. ಬೇರಿನೊಳಗೆ ತಿರುಗಿಸುವ ಸೂಜಿಯಂಥ 25 ಮಿಲಿಮೀಟರಿನ ಫೈಲು. ತಿರುಗಿಸುತ್ತಿದ್ದಾಗ ಕಿವಿಗೆ ಏನೂ ಕೇಳಿಸಲಿಲ್ಲ, ಬೆರಳಿಗೆ ಮಾತ್ರ ಏನೋ ಹಗುರಾದ ಹಾಗಾಯಿತು. ಹೊರಗೆ ತೆಗೆದು ಸ್ಕೇಲಿಗೆ ಹಿಡಿದರೆ 21. ಉಳಿದ ನಾಲ್ಕು ಮಿಲಿಮೀಟರು ಮೇಷ್ಟ್ರ ಬೇರಿನೊಳಗೆ.

ಕಾಲೇಜಿನಲ್ಲಾಗಿದ್ದರೆ "ಮೇಡಂ" ಎಂದು ಕೂಗಿದ್ದರೆ ಸಾಕಿತ್ತು. ಇಲ್ಲಿ ತಿರುಗಿ ನೋಡಿದರೆ ಹಿಂದೆ ಇದ್ದದ್ದು ಹೊಸ ಜಿಪ್ಸಮ್ ಗೋಡೆ, ಅದರ ಮೇಲೆ ಪೂಜೆಯ ದಿನದ ಕುಂಕುಮ. ಹಲ್ಲಿಗೆ ತಾತ್ಕಾಲಿಕ ಫಿಲ್ಲಿಂಗ್ ಹಾಕಿ, ಮೇಷ್ಟ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ತುಂಡಾದ ಫೈಲನ್ನೂ ತೋರಿಸಿ, ಮೈಸೂರಿನ ಎಂಡೋ ಡಾಕ್ಟರಿಗೆ ಚೀಟಿ ಬರೆದು ನಾನೇ ಜೊತೆಗೆ ಹೋದೆ. ಅವರು ತುಂಡಿನ ಪಕ್ಕದಿಂದ ದಾರಿ ಮಾಡಿಕೊಂಡು ಕೆಲಸ ಮುಗಿಸಿದರು. ಖರ್ಚು ನನ್ನದೇ. ಮೇಷ್ಟ್ರು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಬುಧವಾರ ಬರುವ ಕನ್ಸಲ್ಟೆಂಟ್ ಆ ಎಂಡೋ ಡಾಕ್ಟರೇ.

ಹಾಗಂತ ಊರಿನ ಕ್ಲಿನಿಕ್ ಕೆಟ್ಟದ್ದಲ್ಲ. ಮೈಸೂರಿನವರು ಗೂಗಲ್‌ನಲ್ಲಿ ಸ್ಟಾರ್ ನೋಡಿ ಬರುತ್ತಾರೆ, ಕ್ಲೀನಿಂಗ್ ಕೇಳುತ್ತಾರೆ, ಮಕ್ಕಳಿಗೆ ಕ್ಲಿಪ್ ಕೇಳುತ್ತಾರೆ. ನಮ್ಮ ಕಡೆ ಬರುವವರು ಮೂರು ರಾತ್ರಿ ಲವಂಗ ಕಚ್ಚಿಕೊಂಡು ನಿದ್ದೆಗೆಟ್ಟು ಬರುತ್ತಾರೆ. "ಡಾಕ್ಟ್ರಮ್ಮ, ತಡಕಳಕ್ಕಾಗದಿಲ್ಲ, ಕಿತ್ತಾಕ್ಬುಡಿ." ಮೇಲಿನ ಹಲ್ಲಾಗಿದ್ದರೆ ಜೊತೆಗೆ ಬಂದವರು "ಬ್ಯಾಡ ಕಣ್ರವ್ವ, ಕಣ್ಣು ಹೋಯ್ತದೆ" ಅನ್ನುತ್ತಾರೆ. ಇಬ್ಬರಿಗೂ ಸಮಾಧಾನ ಹೇಳಬೇಕು. ಹಲ್ಲು ಉಳಿಸಬಹುದು ಎಂದು ಮನವರಿಕೆ ಮಾಡುವುದಕ್ಕೆ ಹತ್ತು ನಿಮಿಷ, ದುಡ್ಡಿನ ಮಾತಿಗೆ ಇನ್ನೈದು. "ಕಬ್ಬಿನ ಬಿಲ್ಲು ಬರ್ಲಿ ಕಣವ್ವ, ಕೊಟ್ಬುಡ್ತೀನಿ." ಬಹಳ ಮಂದಿ ಕೊಡುತ್ತಾರೆ, ಆದರೆ ಬಿಲ್ಲು ಯಾವಾಗ ಬರುತ್ತದೆಂದು ಅವರಿಗೂ ಗೊತ್ತಿಲ್ಲ. ಅಮಾವಾಸ್ಯೆ ದಿನ ಹಲ್ಲು ಕೀಳಿಸಲು ಯಾರೂ ಬರುವುದಿಲ್ಲ, ಸಂತೆಯ ದಿನ ಕೂರಲು ಜಾಗವಿರುವುದಿಲ್ಲ, ಮದುವೆ ಸೀಸನ್ನಿಗೆ ಮುಂಚೆ ಮುಂದಿನ ಹಲ್ಲಿನ ಕೆಲಸ. ಈ ಪಂಚಾಂಗ ತಿಳಿಯಲು ಒಂದು ವರ್ಷ ಬೇಕು. ಅಷ್ಟು ತಿಂಗಳ ಬಾಡಿಗೆ, ಇಎಂಐ ಕೈಯಲ್ಲಿಟ್ಟುಕೊಂಡೇ ಬಾಗಿಲು ತೆಗೆಯಿರಿ.

ಕಾಲೇಜಿನಲ್ಲಿ ಕೇಸ್ ಡಿಸ್ಕಷನ್‌ಗೆಂದು ಹುಡುಕುತ್ತಿದ್ದ ಬಾಯಿಗಳು ಇಲ್ಲಿ ತಾವಾಗಿಯೇ ಬರುತ್ತವೆ. ಎಲೆ ಅಡಿಕೆ, ಕಡ್ಡಿಪುಡಿ, ಗುಟ್ಕಾ. ನಮ್ಮಲ್ಲಿ ಕುರ್ಚಿಗೆ ಕೂರಿಸಿದ ಕೂಡಲೇ "ಮೂರು ಬೆರಳು ಬಾಯೊಳಗೆ ಹಾಕಿ ನೋಡಾಣ" ಎಂದು ಹೇಳುವುದು ರೂಢಿ. ಇಪ್ಪತ್ತೈದರ ಹುಡುಗನಿಗೆ ಎರಡೇ ಬೆರಳು ಹೋದರೆ, ಕೆನ್ನೆಯ ಒಳಗೆ ಬಿಳಿಚಿ ಗಟ್ಟಿಯಾಗಿದ್ದರೆ, ಅವನು ಬಂದ ಹಲ್ಲುನೋವು ಆಮೇಲಿನ ಮಾತು. ಅದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದದ್ದು. ಮೈಸೂರಿಗೆ ಬಯಾಪ್ಸಿಗೆ ಕಳಿಸಬೇಕು, ಹೋದನೇ ಎಂದು ಫೋನ್ ಮಾಡಿ ವಿಚಾರಿಸಬೇಕು. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇನ್ನೊಂದು ಬಗೆಯ ಬಾಯಿಯೂ ಬರುತ್ತದೆ: ಬೋರ್ಡಿಲ್ಲದ, ಡಿಗ್ರಿಯೂ ಇಲ್ಲದ ಯಾರೋ ಸೆಲ್ಫ್ ಕ್ಯೂರ್ ಅಕ್ರಿಲಿಕ್ ಸುರಿದು ಪಕ್ಕದ ಹಲ್ಲುಗಳಿಗೆ ಅಂಟಿಸಿ ಕೂರಿಸಿದ ಕಟ್ಟು ಹಲ್ಲು. ಅದನ್ನು ಬಿಡಿಸುವಾಗ ಬರುವ ವಾಸನೆಗೆ ಎರಡು ಮಾಸ್ಕ್ ಸಾಲದು.

ಸಾಮಾನಿನ ವಿಚಾರದಲ್ಲಿ ನನ್ನ ಹಠ ಇಷ್ಟೇ. ಮೊದಲು ಆಟೋಕ್ಲೇವ್, ಎಕ್ಸ್‌ರೇ, ಸದ್ದು ಕಡಿಮೆ ಇರುವ ಒಳ್ಳೆ ಕಂಪ್ರೆಸರ್. ಗಾಜಿನ ಬಾಗಿಲು, ಸೀಲಿಂಗ್ ಲೈಟು ಆಮೇಲೆ. ನಾನು ತಿರುಗಾಮುರುಗಾ ಮಾಡಿ ಕೆಟ್ಟೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಕಂಪ್ರೆಸರನ್ನು ಎಳೆಯುವುದಿಲ್ಲ. ಹಲ್ಲು ಅರ್ಧ ಕೊರೆದು ಟಾರ್ಚ್ ಹಿಡಿದು ಕೂರುವ ಪ್ರಸಂಗ ಯಾರಿಗೂ ಬೇಡ. ಕೊಳವೆಬಾವಿಯ ಗಡಸು ನೀರು ಏರೋಟರ್ ಪೈಪಿನಲ್ಲಿ ಸುಣ್ಣ ಕಟ್ಟುತ್ತದೆ, ಕುರ್ಚಿಗೆ ಬಾಟಲಿ ಸಿಸ್ಟಮ್ ಹಾಕಿಸಿ ಡಿಸ್ಟಿಲ್ಡ್ ವಾಟರ್ ಬಳಸಿ.

ಕಾಗದಪತ್ರ ಚುಟುಕಾಗಿ: ರಾಜ್ಯ ಡೆಂಟಲ್ ಕೌನ್ಸಿಲ್ ನೋಂದಣಿ, 2007ರ ಕೆಪಿಎಂಇ ಕಾಯ್ದೆಯ ಕೆಳಗೆ ಕ್ಲಿನಿಕ್ ನೋಂದಣಿ, ಎಕ್ಸ್‌ರೇಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಅನುಮತಿ, ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮತ್ತು ಕಸ ಒಯ್ಯುವವರ ಜೊತೆ ಕರಾರು. 2016ರ ನಿಯಮದ ಪ್ರಕಾರ ಕಿತ್ತ ಹಲ್ಲು, ರಕ್ತದ ಹತ್ತಿ ಹಳದಿಗೆ, ಗ್ಲೌಸು, ಸಕ್ಷನ್ ಟಿಪ್ಪು ಕೆಂಪಿಗೆ, ಸೂಜಿ ಬ್ಲೇಡು ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಬೋರ್ಡ್ ಬರೆಸುವ ಮೊದಲೇ ಅರ್ಜಿ ಹಾಕಿ.

ಸರ್ಕಾರಿ ಕೆಲಸ ಬೇಕೆಂಬವರು ತಾಲ್ಲೂಕು ಆಸ್ಪತ್ರೆಯ ದಂತ ಆರೋಗ್ಯಾಧಿಕಾರಿ ಹುದ್ದೆಗೆ ಕಾಯಬಹುದು. ಕರೆದಾಗ ಅರ್ಜಿ ಹಾಕಿ, ಅಲ್ಲಿವರೆಗೆ ಕೈ ಕಟ್ಟಿ ಕೂರಬೇಡಿ. ಸೈನ್ಯದ ಡೆಂಟಲ್ ಕೋರ್‌ನವರು ನೀಟ್ ಎಂಡಿಎಸ್ ಅಂಕವನ್ನೇ ನೋಡುತ್ತಾರೆ, ಹಾಗಾಗಿ ಬರೆದ ಪರೀಕ್ಷೆ ಪೂರ್ತಿ ದಂಡವಾಗುವುದಿಲ್ಲ. ವಿದೇಶದ ದಾರಿ ಬೇರೆಯದೇ ಲೋಕ. ಇಂಗ್ಲೆಂಡಿಗೆ ಒಂದು ಪರೀಕ್ಷೆ, ಆಸ್ಟ್ರೇಲಿಯಾಗೆ ಇನ್ನೊಂದು, ಅಮೆರಿಕಕ್ಕೆ ಪರೀಕ್ಷೆಯ ಮೇಲೆ ಮತ್ತೆ ಕಾಲೇಜು. ಅಲ್ಲಿ ಹೋದವರನ್ನೇ ಕೇಳುವುದು ವಾಸಿ.

ಹುಡುಗಿಗೆ ನಾನು ಹೇಳಿದ್ದು ಹೀಗೆ. ಉಳಿದಿರುವ ಇಂಟರ್ನ್‌ಶಿಪ್ ತಿಂಗಳಲ್ಲಿ ಎಂಡೋ ಪೋಸ್ಟಿಂಗ್‌ಗೆ ರಜ ಹಾಕಬೇಡ. ಓರಲ್ ಸರ್ಜರಿಯಲ್ಲಿ ಕೆಳದವಡೆಯ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಹತ್ತು ಸಲ ಕೊಟ್ಟರೆ ಹತ್ತು ಸಲವೂ ತುಟಿ ಜೋಮು ಹಿಡಿಯುವವರೆಗೆ ಬಿಡಬೇಡ. ಆಮೇಲೆ ಎರಡು ವರ್ಷ ಮೈಸೂರಲ್ಲಿ ನಿಲ್ಲು, ರೂಟ್ ಕೆನಾಲ್ ಕೊಡುವ, ತಪ್ಪಾದರೆ ಎದ್ದು ಬಂದು ನೋಡುವ ಸೀನಿಯರ್ ಇರುವ ಕಡೆ, ಸಂಬಳ ಎರಡು ಸಾವಿರ ಕಮ್ಮಿಯಾದರೂ ಸರಿ. ಅಷ್ಟರೊಳಗೆ ಎರಡು ಸಲ ನೀಟ್ ಎಂಡಿಎಸ್ ಬರಿ. ಒಳ್ಳೆ ವಿಭಾಗ ಮೆರಿಟ್‌ನಲ್ಲಿ ಬಂದರೆ ಹೋಗು. ಬರದಿದ್ದರೆ ಊರು ಎಲ್ಲಿಗೂ ಓಡಿಹೋಗುವುದಿಲ್ಲ.

ಆದರೆ ಇದು ಅವಳ ಲೆಕ್ಕ. ಕಾಲೇಜಿನಲ್ಲೇ ಕೈ ಚುರುಕಿದ್ದು, ಅಣ್ಣನೋ ಅತ್ತಿಗೆಯೋ ಹಲ್ಲಿನ ಡಾಕ್ಟರಾಗಿ ಪಕ್ಕದ ಕುರ್ಚಿಯಲ್ಲೇ ಇದ್ದರೆ ನೇರ ಊರಿಗೆ ಹೋಗಬಹುದು. ಮುರಿದ ದವಡೆ ಕೂಡಿಸುವುದೇ ಕನಸಾದವನಿಗೆ ಓರಲ್ ಸರ್ಜರಿ ಎಂಡಿಎಸ್ ಬಿಟ್ಟು ಬೇರೆ ದಾರಿಯಿಲ್ಲ. ಅವನು ಎರಡಲ್ಲ, ಮೂರು ಸಲ ಬರೆದರೂ ನಾನು ಬೇಡ ಅನ್ನುವುದಿಲ್ಲ.

"ಅಪ್ಪಂಗೆ ಏನ್ ಹೇಳ್ಲಿ ಅಕ್ಕ? ಅಡ್ವಾನ್ಸ್ ಕೊಟ್ಬುಟ್ಟವ್ರೆ."

ಫೋನ್ ಅವರ ಕೈಗೇ ಕೊಡಿಸಿದೆ. ಮೇಷ್ಟ್ರ ಫೈಲಿನ ಕಥೆಯನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದೆ. ಕೇಳಿ ಸುಮ್ಮನಾದರು, ಆಮೇಲೆ "ನೋಡಾಣ ತಗಳವ್ವ" ಎಂದು ಇಟ್ಟರು. ನಿನ್ನೆ ಹುಡುಗಿಯ ಮೆಸೇಜು ಬಂತು. ಮಳಿಗೆಯನ್ನು ಹನ್ನೊಂದು ತಿಂಗಳ ಕರಾರಿಗೆ ಬೇಕರಿಯವರಿಗೆ ಕೊಡಿಸಿದ್ದಾರಂತೆ.